ಹಿಟ್ಟಿನ ಗೂಡು

ಒಡೆದ ಗೋಡೆಗೂ ಒಂದು ವಾಸನೆ ಇರುತ್ತದೆಂದು ನನಗೆ ಗೊತ್ತಾದದ್ದು ಈ ಮಾರ್ಚ್ ತಿಂಗಳ ಎರಡನೆಯ ಶನಿವಾರ. ಕಚೇರಿಗೆ ಬೇಕಾದ ರಿಜಿಸ್ಟರುಗಳನ್ನು ಕೊಳ್ಳಲು ಮದರಾಸಿನ ಪ್ಯಾರಿಸ್ ಪೇಟೆಗೆ ಬಂದಿದ್ದವಳು, ಹೇಗೂ ಇಷ್ಟು ದೂರ ಬಂದಾಯಿತು, ಹಳೆಯ ಮನೆಯ ಕಡೆಗೆ ಒಮ್ಮೆ ಹೋಗಿಬರೋಣವೆಂದು ವಾಲ್ ಟ್ಯಾಕ್ಸ್ ರಸ್ತೆಯ ಪಕ್ಕದ ನಮ್ಮ ಗಲ್ಲಿಗೆ ತಿರುಗಿದೆ. ಮೊದಲು ಮೂಗಿಗೆ ಬಡಿದದ್ದು ಸುಣ್ಣದ ಧೂಳು. ಅದು ಏಳದಿರಲೆಂದು ಯಾರೋ ನೀರು ಚಿಮುಕಿಸಿದ್ದರಿಂದ ಒದ್ದೆ ಸುಣ್ಣದ ಘಾಟು. ಅದರ ಬೆನ್ನಿಗೇ, ನೀವು ನಂಬಬೇಕು, ಹುದುಗಿದ ಇಡ್ಲಿ ಹಿಟ್ಟಿನ ಹುಳಿ ವಾಸನೆ. ನಮ್ಮ ಹೋಟೆಲು ಮುಚ್ಚಿ ಒಂಬತ್ತು ವರ್ಷವಾಗಿತ್ತು. ಆ ಅಡಿಗೆಮನೆಯಲ್ಲಿ ಅಷ್ಟು ವರ್ಷ ಯಾರೂ ಒಂದು ಹಿಡಿ ಅಕ್ಕಿ ನೆನೆಹಾಕಿರಲಿಲ್ಲ. ಆದರೂ ಆ ವಾಸನೆ ಗೋಡೆಯೊಳಗೆ ಎಲ್ಲೋ ಕೂತಿದ್ದು, ಗೋಡೆ ಬಿರಿದ ದಿನ ಹೊರಗೆ ಬಂದಿತ್ತು. ಮುಚ್ಚಿಹೋದ ಮನೆಯೊಂದನ್ನು ಎದೆಯಲ್ಲಿ ಇಟ್ಟುಕೊಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಟ್ಟಡದ ಮುಂಭಾಗ ಪೂರ್ತಿ ನೆಲಕ್ಕಿಳಿದಿತ್ತು. ನಾವು ಮಲಗುತ್ತಿದ್ದ ಮಾಳಿಗೆಯ ನೀಲಿ ಗೋಡೆಯ ತುಂಡೊಂದು ರಾಶಿಯ ಮೇಲೆ ಮಗುಚಿ ಬಿದ್ದಿತ್ತು. ನಿಂತಿದ್ದದ್ದು ಅಡಿಗೆಮನೆಯ ಹಿಂಗೋಡೆ ಒಂದೇ. ಮೇಲೆ ಚಾವಣಿಯಿಲ್ಲದೆ, ಅಕ್ಕಪಕ್ಕದ ಗೋಡೆಗಳಿಲ್ಲದೆ, ಬಿಸಿಲಿನಲ್ಲಿ ಅದು ಮನೆಯೊಂದರ ಗೋಡೆಯ ಹಾಗೆ ಕಾಣಲೇ ಇಲ್ಲ. ಅದರ ನೆತ್ತಿಯ ಮೇಲೆ ಅಡ್ಡಲಾಗಿ ಮಂಚ ಹಾಕಿ ಮಲಗಬಹುದಿತ್ತು, ಅಷ್ಟು ದಪ್ಪ. ಗಾರೆ ಉದುರಿದ ಕಡೆ ತೆಳ್ಳಗಿನ ಕಡುಗೆಂಪು ಇಟ್ಟಿಗೆಗಳು ಸಾಲಾಗಿ ಹೊರಬಂದಿದ್ದವು. ಅವುಗಳ ನಡುವೆ, ನನ್ನ ಸೊಂಟದ ಎತ್ತರಕ್ಕೆ, ನಾವು ಹಿಟ್ಟಿನ ಗೂಡು ಎನ್ನುತ್ತಿದ್ದ ಪೊಟರೆ. ಅದರ ಬೆನ್ನಿಗೆ ತುಂಬಿದ್ದ ಇಟ್ಟಿಗೆ ಚೂರುಗಳು ಕಳಚಿಬಿದ್ದಿದ್ದವು. ಗೂಡು ನಾವು ತಿಳಿದುಕೊಂಡ ಕಡೆಗೆ ಮುಗಿದಿರಲಿಲ್ಲ. ಎರಡೂ ಪಕ್ಕಗಳು ಓರೆಯಾಗಿ ಸರಿಯುತ್ತ ಸರಿಯುತ್ತ ಹೋಗಿ, ಕೊನೆಗೆ ಒಂದು ಸೀಳು: ಮೊಳದುದ್ದ, ಅಂಗೈಯಗಲ. ಆ ಸೀಳಿನಿಂದ ಆಚೆಯ ಬಿಸಿಲು ಒಳಗೆ ಬರುತ್ತಿತ್ತು. ಅಂಥದೊಂದನ್ನು ನಾನು ಕಣ್ಣಾರೆ ಕಂಡದ್ದಿಲ್ಲ. ಆದರೆ ಅದೇನೆಂದು ನನಗೆ ಗೊತ್ತಿತ್ತು. ಅದರ ಚಿತ್ರವನ್ನು ನನಗೆ ಬರೆದು ತೋರಿಸಿದ್ದರು, ಒಂದಲ್ಲ, ಎಷ್ಟೋ ಸಲ. ಕೈಯಲ್ಲಿದ್ದ ರಿಜಿಸ್ಟರುಗಳ ಕಟ್ಟು ಜಾರಿ ಕಾಲ ಮೇಲೆ ಬಿತ್ತು. ನಾನು ಹತ್ತು ವರ್ಷದವಳಿದ್ದಾಗಿನಿಂದ ದಿನಚರಿ ಬರೆಯುವವಳು. ಹೋದ ಜಾಗ, ನೋಡಿದ್ದು, ಆದ ಖರ್ಚು, ಯಾವುದನ್ನೂ ಬಿಡುವವಳಲ್ಲ. ಆ ಶನಿವಾರದ ಪುಟದಲ್ಲಿ ತಾರೀಖು ಬಿಟ್ಟರೆ ಒಂದಕ್ಷರವಿಲ್ಲ.

ಆ ಮನೆಯಲ್ಲಿ ನಾವು ಆರು ಜನರಿದ್ದೆವು. ದೊಡ್ಡಪ್ಪ, ದೊಡ್ಡಮ್ಮ, ಅವರ ಮಗ ರಘು. ಅಪ್ಪ, ಅಮ್ಮ, ನಾನು. ಕೆಳಗೆ ಹೋಟೆಲು, ಮೇಲೆ ವಾಸ. ಉಡುಪಿಯ ಕಡೆಯಿಂದ ಬಂದ ಹೋಟೆಲಿನವರು ಮದರಾಸಿನಲ್ಲಿ ಹೇಗಿರುತ್ತಾರೋ ಹಾಗೆಯೇ. ಕಟ್ಟಡ ಬಾಡಿಗೆಯದು, ಹೋಟೆಲು ದೊಡ್ಡಪ್ಪನದು. ಇತಿಹಾಸದಲ್ಲಿ ಬಿ.ಎ. ಮುಗಿಸಿ ಮೇಷ್ಟರಾಗಬೇಕೆಂದಿದ್ದ ದೊಡ್ಡಪ್ಪ, ಅಜ್ಜ ಹಾಸಿಗೆ ಹಿಡಿದಾಗ ಗಲ್ಲಾದ ಮುಂದೆ ಬಂದು ಕೂತವರು, ಮತ್ತೆ ಏಳಲಿಲ್ಲ. ಬೆಳಗ್ಗೆ ಸೆಂಟ್ರಲ್ ಸ್ಟೇಷನ್ನಿನ ಪೋರ್ಟರುಗಳು, ಹತ್ತು ಗಂಟೆಗೆ ವಕೀಲರ ಗುಮಾಸ್ತರು, ಮಧ್ಯಾಹ್ನ ಸೌಕಾರ್‌ಪೇಟೆಯ ಅಂಗಡಿಯ ಹುಡುಗರು. ಎಲೆಯ ಸದ್ದು, ಲೋಟದ ಸದ್ದು, 'ಎರಡು ಇಡ್ಲಿ, ಒಂದು ವಡೆ, ಸಾಂಬಾರು ತನಿಯಾ' ಎಂದು, ಸಾಂಬಾರು ಬೇರೆಯೇ ಇರಲೆಂದು, ಒಳಗೆ ಕೂಗುವ ಸದ್ದು. ನನ್ನ ಲೆಕ್ಕದಲ್ಲಿ ಬಾಲ್ಯವೆಂದರೆ ಇವಿಷ್ಟು. ಅಡಿಗೆಗೆ ಇದ್ದವರು ಸುಬ್ರಾಯಣ್ಣ. ಅವರಿಗೆ ನಮ್ಮ ಹಿಂಗೋಡೆಯ ಮೇಲೆ ಸಿಟ್ಟೂ ಇತ್ತು, ಗೌರವವೂ ಇತ್ತು. ಅದಕ್ಕೆ ಮೊಳೆ ಹೊಡೆದರೆ ಮೊಳೆ ಬಾಗುತ್ತಿತ್ತು. ದೇವರ ಕ್ಯಾಲೆಂಡರನ್ನು ಮೈದಾ ಅಂಟಿನಿಂದ ಅಂಟಿಸಬೇಕಿತ್ತು. "ಇದೊಂದು ಗೋಡೆಯಾ ಮಾರಾಯ್ತಿ? ಗುಡ್ಡೆ!" ಎಂದು ಅವರು ಬೈಯುತ್ತಿದ್ದರು.

ಆದರೆ ಹಿಟ್ಟಿನ ವಿಷಯ ಬಂದಾಗ ಅದೇ ಗೋಡೆ ಅವರ ದೇವರು. ಮದರಾಸಿನ ಬೇಸಗೆಯಲ್ಲಿ ಸಂಜೆ ರುಬ್ಬಿಟ್ಟ ಹಿಟ್ಟು ಬೆಳಗಾಗುವುದರೊಳಗೆ ಉಕ್ಕಿ ಹುಳಿಯಾಗಿಬಿಡುತ್ತದೆ. ಈ ಊರಿನ ಯಾವ ಹೋಟೆಲಿನವರನ್ನು ಕೇಳಿದರೂ ಮೇ ತಿಂಗಳ ಇಡ್ಲಿಯ ಕಷ್ಟ ಹೇಳುತ್ತಾರೆ. ನಮ್ಮಲ್ಲಿ ಆ ಕಷ್ಟವಿರಲಿಲ್ಲ. ಸುಬ್ರಾಯಣ್ಣ ಹಿಟ್ಟಿನ ಪಾತ್ರೆಗಳನ್ನು ಗೂಡಿನೊಳಗೆ ಇಡುತ್ತಿದ್ದರು: ಒಳಕ್ಕೆ ಹೋದಂತೆ ಗೂಡು ಕಿರಿದಾಗುತ್ತಿದ್ದುದರಿಂದ ಚಿಕ್ಕದು ಹಿಂದೆ, ನಡುವಿನದು ನಡುವೆ, ದೊಡ್ಡದು ಮುಂದೆ. ಮೇಲೆ ಒದ್ದೆ ಬಟ್ಟೆ. ಬೆಳಗ್ಗೆ ಹಿಟ್ಟು ಎಷ್ಟು ಹುದುಗಬೇಕೋ ಅಷ್ಟೇ ಹುದುಗಿರುತ್ತಿತ್ತು. ಗಿರಾಕಿಗಳು ನಮ್ಮ ಕೈಗುಣ ಎನ್ನುತ್ತಿದ್ದರು. ಸುಬ್ರಾಯಣ್ಣ ಗೋಡೆಯ ಗುಣ ಎನ್ನುತ್ತಿದ್ದರು. ಹಗಲಿನಲ್ಲಿ ಗೂಡು ಖಾಲಿ. ರಜೆಯ ಮಧ್ಯಾಹ್ನಗಳಲ್ಲಿ ನಾನೂ ರಘುವೂ ಅದರೊಳಗೆ ಕೂರುವುದಕ್ಕೆ ಜಗಳವಾಡುತ್ತಿದ್ದೆವು. ಒಬ್ಬರಿಗೆ ಮಾತ್ರ ಜಾಗ. ಮಂಡಿ ಮಡಿಸಿ ಕೂತು ಕೆನ್ನೆಯನ್ನು ಪಕ್ಕದ ಓರೆ ಗೋಡೆಗೆ ಒತ್ತಿದರೆ, ಹೊರಗೆ ಊರೆಲ್ಲ ಉರಿಯುತ್ತಿರುವಾಗ, ಅದು ಬಾವಿಯ ಒಳಗೋಡೆಯ ಹಾಗೆ ತಣ್ಣಗಿರುತ್ತಿತ್ತು. ಇಡೀ ಮನೆಯಲ್ಲಿ ನನಗೆ ನೆನಪಿರುವ ಅತಿ ಸುಖದ ಜಾಗ ಅದು.

ಭಾನುವಾರ ಪ್ಯಾರಿಸ್ ಮುಚ್ಚಿರುತ್ತದೆ. ಹಾಗಾಗಿ ಹೋಟೆಲಿಗೂ ರಜೆ. ಅಂದು ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು, ನಮ್ಮಿಬ್ಬರನ್ನೂ ಕರೆದುಕೊಂಡು ಕೋಟೆ ನೋಡಲು ಹೊರಡುತ್ತಿದ್ದರು. ಬೇರೆ ಮಕ್ಕಳನ್ನು ಬೀಚಿಗೆ ಕರೆದೊಯ್ದರೆ ನಮ್ಮನ್ನು ಕೋಟೆಗೆ. "ಭಾವ ಮಕ್ಕಳಿಗೆ ಊರಿನ ಎಲುಬು ತೋರಿಸ್ಲಿಕ್ಕೆ ಹೊರಟ್ರು," ಎಂದು ಅಮ್ಮ ನಗುತ್ತಿದ್ದಳು. "ಬರುವಾಗ ಆ ಕೋಟೆಯಿಂದ ಎರಡು ಕಟ್ಟು ಕೊತ್ತಂಬರಿ ತನ್ನಿ," ಎಂದು ದೊಡ್ಡಮ್ಮ ಕೂಗುತ್ತಿದ್ದರು. ದೊಡ್ಡಪ್ಪ ಸೇಂಟ್ ಜಾರ್ಜ್ ಕೋಟೆಯ ಕಂದಕದ ಉದ್ದಕ್ಕೂ ನಡೆಸಿ, ಗೋಡೆ ನೇರ ನಿಲ್ಲದೆ ಯಾಕೆ ವಾಲಿಕೊಂಡಿದೆ ನೋಡಿ ಎನ್ನುತ್ತಿದ್ದರು. ಪ್ಯಾರಿಸ್ ಕಾರ್ನರಿನಲ್ಲಿ ಗದ್ದಲದ ನಡುವೆ ಒಂಟಿಯಾಗಿ ನಿಂತ ಹಳೆಯ ಎಲ್ಲೆಗಂಬವನ್ನು ತೋರಿಸಿ, ಇಲ್ಲಿಂದ ಕೋಟೆಯವರೆಗೆ ಯಾರೂ ಮನೆ ಕಟ್ಟುವ ಹಾಗಿರಲಿಲ್ಲ, ತೋಪಿನ ಗುಂಡಿಗೆ ದಾರಿ ಬಿಡಬೇಕಿತ್ತು ಎನ್ನುತ್ತಿದ್ದರು. ಓಲ್ಡ್ ಜೈಲ್ ರಸ್ತೆಗೆ ಕರೆದೊಯ್ದು, ಊರಿನ ಸುತ್ತ ಒಂದು ಕಾಲದಲ್ಲಿ ಇದ್ದ ಕೋಟೆಗೋಡೆಯಲ್ಲಿ ಉಳಿದ ಉತ್ತರದ ಚೂರನ್ನು, ಅದರ ನೆತ್ತಿಯ ಮೇಲೆ ಜನ ಮಾಡಿಕೊಂಡ ಪಾರ್ಕನ್ನು ತೋರಿಸುತ್ತಿದ್ದರು. ಗೋಡೆಯ ಮೇಲೆ ಬೆಂಚು, ಬೆಂಚಿನ ಮೇಲೆ ನಿದ್ದೆ ಹೋದ ಮುದುಕರು.

ಪಶ್ಚಿಮದ ಗೋಡೆ ನಮ್ಮ ಕಡೆಗೇ ಇತ್ತೆಂದು ವಾಲ್ ಟ್ಯಾಕ್ಸ್ ರಸ್ತೆಯ ಹೆಸರೇ ಹೇಳುತ್ತಿತ್ತು. ಗೋಡೆಯ ಖರ್ಚಿಗೆಂದು ಊರಿನವರ ಮೇಲೆ ತೆರಿಗೆ ಹಾಕಹೊರಟು, ಅದು ವಸೂಲಾಗದೆ ಹೆಸರು ಮಾತ್ರ ರಸ್ತೆಗೆ ಉಳಿದುಕೊಂಡ ಕಥೆಯನ್ನು ದೊಡ್ಡಪ್ಪ ಗಲ್ಲಾದಲ್ಲಿ ಕೂತು ಗಿರಾಕಿಗಳಿಗೂ ಹೇಳುತ್ತಿದ್ದರು. ಆದರೆ ಆ ಕಡೆಗೆ ನಮ್ಮನ್ನು ಅವರು ಎಂದೂ ಕರೆದೊಯ್ಯಲಿಲ್ಲ. ನಾನು ಆ ವಯಸ್ಸಿಗೇ ಎಲ್ಲವನ್ನೂ ಪಟ್ಟಿ ಮಾಡುವವಳು. "ದೊಡ್ಡಪ್ಪ, ಉತ್ತರ ಆಯ್ತು, ಪೂರ್ವದಲ್ಲಿ ಸಮುದ್ರ ಆಯ್ತು, ಪಶ್ಚಿಮ ಬಾಕಿ ಉಂಟು," ಎಂದು ಒಮ್ಮೆ ನೆನಪಿಸಿದೆ. "ಅಲ್ಲೆಂತ ಉಂಟು? ರೈಲು, ಲಾರಿ, ಹೊಗೆ. ಎಲ್ಲ ಕೆಡವಿ ಆಯ್ತಲ್ಲ," ಎಂದು ನನ್ನ ಜಡೆ ಎಳೆದು ಮಾತು ಬದಲಿಸಿದರು.

ಒಮ್ಮೆ ಪಳವೇರ್ಕಾಡಿಗೂ ಹೋದೆವು. ರೈಲಿನಲ್ಲಿ ಪೊನ್ನೇರಿಯ ತನಕ, ಅಲ್ಲಿಂದ ಬಸ್ಸು. ದಾರಿಯಲ್ಲಿ ಎಣ್ಣೂರಿನ ಹೊಗೆಗೊಳವೆಗಳನ್ನು ರಘು ಎಣಿಸಿದ, ನಾನು ಬರೆದುಕೊಂಡೆ. ಡಚ್ಚರ ಕೋಟೆ ಇದ್ದ ಕಡೆ ಈಗ ಜಾಲಿ ಬೆಳೆದ ದಿಬ್ಬವಷ್ಟೆ. ನಮ್ಮ ಮುಖ ಸಣ್ಣದಾದದ್ದನ್ನು ನೋಡಿ ದೊಡ್ಡಪ್ಪ ನೀರಿನ ಅಂಚಿಗೆ ಕರೆದೊಯ್ದು, ಪಂಚೆ ಮೇಲೆತ್ತಿ ಕುಕ್ಕರುಗಾಲಿನಲ್ಲಿ ಕೂತು, ಒದ್ದೆ ಮರಳಿನಲ್ಲಿ ಬೆರಳಿನಿಂದ ಬರೆಯತೊಡಗಿದರು. ದಪ್ಪ ಗೋಡೆಯ ಎರಡು ಗೆರೆ. ನಡುವೆ, ಒಳಗಡೆ ಅಗಲವಾಗಿ ತೊಡಗಿ ಹೊರಗಡೆಗೆ ಹೋದಂತೆ ಕಿರಿದಾಗುವ ಒಂದು ಬಾಯಿ. "ಇದು ಬಂದೂಕಿನ ಕಿಂಡಿ. ಒಳಗಿನವನಿಗೆ ಆಚೀಚೆ ತಿರುಗಲಿಕ್ಕೆ ಜಾಗ. ಹೊರಗಿನವನಿಗೆ ಬರೀ ಒಂದು ಗೆರೆ ಕಾಣ್ತದೆ, ಗುರಿ ಇಡಲಿಕ್ಕಾಗುದಿಲ್ಲ. ಹೀಗಿರುವುದನ್ನು ಎಲ್ಲಿಯಾದ್ರೂ ನೋಡಿದ್ದೀರಾ?" ರಘು ಆಗಲೇ ಎಲ್ಲಕ್ಕೂ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದ. "ಪಡತ್ತಲ ಪಾತ್ತಿರುಕ್ಕೇನ್," ಎಂದ, ಸಿನಿಮಾದಲ್ಲಿ ನೋಡಿದ್ದೇನೆ ಎಂದು. ದೊಡ್ಡಪ್ಪ ನನ್ನ ಕಡೆಗೆ ತಿರುಗಿದರು. ನಾನು ಯೋಚಿಸಿ, ಇಲ್ಲ ಎಂದೆ. ಅವರು ಇನ್ನೂ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದರು. ಅಲೆಯೊಂದು ಬಂದು ಚಿತ್ರವನ್ನು ಅಳಿಸಿತು. ಆಮೇಲೆ ಆ ಚಿತ್ರವನ್ನು ಅವರು ಎಲ್ಲೆಲ್ಲೋ ಬರೆದರು. ಮೇಜಿನ ಮೇಲೆ ಚೆಲ್ಲಿದ ನೀರಿನಲ್ಲಿ, ಬಸ್ಸಿನ ಧೂಳು ಹಿಡಿದ ಗಾಜಿನಲ್ಲಿ, ಬಿಲ್ಲಿನ ಹಿಂಬದಿಯಲ್ಲಿ. ಪ್ರತಿಸಲವೂ ಅದೇ ಪ್ರಶ್ನೆ. ರಘು ಅದನ್ನು ಅಣಕಿಸಿ ತೋರಿಸುವಷ್ಟು ನಮಗೆ ಅಭ್ಯಾಸವಾಗಿಹೋಗಿತ್ತು.

ನಾನು ಹತ್ತನೆಯ ತರಗತಿ ಮುಗಿಸಿದ ವರ್ಷ ಕಟ್ಟಡದ ಮಾಲೀಕರ ಮಕ್ಕಳು ಲೀಸು ಮುಂದುವರಿಸುವುದಿಲ್ಲ ಎಂದರು. ಹೋಟೆಲು ಮುಚ್ಚಿತು. ಕೊನೆಯ ದಿನ ಸುಬ್ರಾಯಣ್ಣ ಗೂಡನ್ನು ತೊಳೆದು, ಒರೆಸಿ, ಒಂದು ತುಂಡು ಕರ್ಪೂರ ಹಚ್ಚಿ ಊರಿಗೆ ಹೋದರು. ಎರಡು ವರ್ಷಕ್ಕೆ ತೀರಿಕೊಂಡ ಸುದ್ದಿ ಬಂತು. ಅಪ್ಪ ಟಿ. ನಗರದಲ್ಲಿ ಪರಿಚಯದವರ ಹೋಟೆಲಿನಲ್ಲಿ ಮೇಲ್ವಿಚಾರಣೆಗೆ ಸೇರಿದರು. ದೊಡ್ಡಪ್ಪ, ದೊಡ್ಡಮ್ಮ ರಘುವಿನೊಂದಿಗೆ ವೇಲಚೇರಿಯ ಫ್ಲಾಟಿಗೆ ಹೋದರು. ಬೆಳಗಿನ ಆ ಕೂಗು, ಎಲೆಯ ಸದ್ದು, ಭಾನುವಾರದ ಬಿಳಿ ಶರಟು, ಯಾವುದೂ ಒಂದೇ ದಿನ ನಿಲ್ಲಲಿಲ್ಲ, ಒಂದೊಂದಾಗಿ ನಿಂತವು. ಅದಕ್ಕೇ ಯಾವುದಕ್ಕೂ ಸರಿಯಾಗಿ ಅಳಲು ಆಗಲಿಲ್ಲ. ನಿಮ್ಮ ಮನೆ ಮುಚ್ಚಿದಾಗಲೂ ಹೀಗೇ ಆಗಿರಬೇಕು.

ಆ ಶನಿವಾರ ಫೋಟೊ ತೆಗೆದುಕೊಂಡು, ಪುರಾತತ್ವದವರು, ಕಾರ್ಪೊರೇಷನ್ನಿನವರು ಎಂದು ಸಿಕ್ಕಿದ ಕಚೇರಿಗಳಿಗೆಲ್ಲ ಫೋನು ಮಾಡಿದೆ. ಎರಡನೆಯ ಶನಿವಾರವಾದ್ದರಿಂದ ಬಹಳ ಕಡೆ ಯಾರೂ ಎತ್ತಲಿಲ್ಲ. ಒಬ್ಬರು ಮಾತ್ರ ಪೂರ್ತಿ ಕೇಳಿ, ಫೋಟೊ ಕಳಿಸಲು ಹೇಳಿ, ನೋಡಿದವರೇ ತಿರುಗಿ ಫೋನು ಮಾಡಿದರು. ಇದು ಹಳೆಯ ಗೋಡೆಯೇ ಇರಬಹುದು, ಸೋಮವಾರ ಬೆಳಗ್ಗೆ ಜನರನ್ನು ಕರೆದುಕೊಂಡು ಬರುತ್ತೇನೆ, ಅಲ್ಲಿಯವರೆಗೆ ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ ಎಂದರು. ನೋಡಿಕೊಳ್ಳುವುದಕ್ಕೆ ನಾನು ಯಾರು? ಮುಂದೇನು ಮಾಡುವುದೆಂದು ತಿಳಿಯದೆ ಬೀಚ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ವೇಲಚೇರಿಗೆ ಹೋದೆ. ಇಷ್ಟು ವರ್ಷ ಊರೆಲ್ಲ ಅಲೆದು ಹುಡುಕಿದ ಗೋಡೆ ನಮ್ಮ ಅಡಿಗೆಮನೆಯಲ್ಲೇ ಇತ್ತೆಂದು ಕೇಳಿದರೆ ದೊಡ್ಡಪ್ಪನಿಗೆ ಏನಾಗುವುದೋ ಎಂಬ ಹೆದರಿಕೆ ದಾರಿಯುದ್ದಕ್ಕೂ ಇತ್ತು. ಅವರಿಗೆ ಈಗ ಎಪ್ಪತ್ತಮೂರು. ಮೊದಲು ದೊಡ್ಡಮ್ಮನ ಹತ್ತಿರ ಹೇಳಿ, ಕುಡಿಯಲು ನೀರು ಇಟ್ಟುಕೊಂಡು, ಆಮೇಲೆ ಫೋನಿನಲ್ಲಿದ್ದ ಫೋಟೊ ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು.

"ಗಾರೆ ಅಷ್ಟೂ ಉದುರಿತಾ?"

ನನಗೆ ಅರ್ಥವಾಗಲಿಲ್ಲ. "ಅದು ನಾನೇ ಹಾಕಿದ ಗಾರೆ," ಎಂದರು, ಕಾಫಿಗೆ ಸಕ್ಕರೆ ನಾನೇ ಹಾಕಿದ್ದು ಎನ್ನುವ ಹಾಗೆ. ನಾನು ಹುಟ್ಟುವುದಕ್ಕೂ ಮೊದಲು ಒಮ್ಮೆ ನಲ್ಲಿಯ ಕೊಳವೆ ಕೂರಿಸಲು ಬಂದವನು ಗೂಡಿನ ಬೆನ್ನಿಗೆ ಉಳಿ ಇಟ್ಟು ಹೊಡೆದನಂತೆ. ಒಳಗಿನ ತುಂಬು ಕುಸಿದು ಸೀಳು ಕಂಡಿತಂತೆ. ಅವನನ್ನು ಕಳಿಸಿ, ಮರುದಿನ ಮನೆಮಂದಿಯನ್ನೆಲ್ಲ ದೇವಸ್ಥಾನಕ್ಕೆ ಅಟ್ಟಿ, ದೊಡ್ಡಪ್ಪ ಒಬ್ಬರೇ ಇಟ್ಟಿಗೆ ಚೂರು ತುಂಬಿ ಗಾರೆ ಮೆತ್ತಿದರಂತೆ. ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು, ಅವರಿಗೂ ಗೊತ್ತಿರಲಿಲ್ಲ. ಲ್ಯಾಪ್‌ಟಾಪಿನ ಮುಂದಿದ್ದ ರಘು ಎದ್ದು ಬಂದ. "ಅಪ್ಪಾ, ಯೇನ್ ಸೊಲ್ಲಲೆ? ಇತ್ತನೆ ವರುಷಮಾ?" ಯಾಕೆ ಹೇಳಲಿಲ್ಲ, ಇಷ್ಟು ವರ್ಷ? ನನಗೆ ಗೋಡೆ ಕಂಡಾಗ ಆದದ್ದು ಆಶ್ಚರ್ಯ. ಇದು ಹಾಗಲ್ಲ, ಬಾಲ್ಯದ ಅಷ್ಟೂ ಭಾನುವಾರಗಳನ್ನು ಯಾರೋ ಹಿಂದಿನಿಂದ ಹಿಡಿದು ತಿರುಗಿಸಿ ನಿಲ್ಲಿಸಿದ ಹಾಗೆ.

"ಹೇಳಿದ್ರೆ ಎಂತ ಆಗ್ತಿತ್ತು? ಆಫೀಸಿನವರು ಬಂದು ಹಗ್ಗ ಕಟ್ತಿದ್ರು. ಅಡಿಗೆ ಬಂದ್. ಅಡಿಗೆ ಬಂದ್ ಆದ್ರೆ ಹೋಟೆಲು ಬಂದ್. ನಾವೊಂದು ಮನೆ, ಕೆಲಸದವರು ಹನ್ನೆರಡು. ಎಲ್ಲಿಗೆ ಕಳಿಸುವುದು ಅವರನ್ನು?" ದೊಡ್ಡಪ್ಪ ಫೋನನ್ನು ನನ್ನ ಕೈಗೆ ಕೊಟ್ಟರು. "ಆಗ ಹೇಳಿದ್ರೆ ಗೋಡೆ ಉಳೀತಿತ್ತು, ಹೋಟೆಲು ಹೋಗ್ತಿತ್ತು. ಈಗ ಹೋಟೆಲೂ ಇಲ್ಲ, ಗೋಡೆಯೂ ಉಳಿಯುದಿಲ್ಲ."

"ಮತ್ತೆ ನಮಗೆ ಯಾಕೆ ಆ ಚಿತ್ರ ಬರೆದು ಬರೆದು ತೋರಿಸಿದ್ರಿ?" ಎಂದು ಕೇಳಿದೆ. ಕೇಳಿದ ಮೇಲೆ ಕೇಳಬಾರದಿತ್ತು ಅನಿಸಿತು. ಅವರು ಕನ್ನಡಕ ತೆಗೆದು ಮಡಿಚಿ ಕಿಸೆಗೆ ಹಾಕಿಕೊಂಡರು.

"ನಾನಾಗಿ ಹೇಳುದಿಲ್ಲ ಅಂತ ಇತ್ತು. ನೀವಾಗಿ ಕೇಳಿದ್ರೆ ಹೇಳುವ ಅಂತಲೂ ಇತ್ತು. ದಿನಾ ಅದರೊಳಗೆ ಕೂತುಕೊಳ್ತಿದ್ರಲ್ಲ ಇಬ್ಬರೂ. ಇಬ್ಬರಲ್ಲಿ ಒಬ್ಬರು, 'ದೊಡ್ಡಪ್ಪ, ಇದು ನಮ್ಮ ಹಿಟ್ಟಿನ ಗೂಡಿನ ಹಾಗೇ ಉಂಟಲ್ಲ' ಅಂತ ಹೇಳ್ತೀರಿ ಅಂತ ಕಾದೆ. ಕೇಳಿದ್ರೆ ಅವತ್ತೇ ತೋರಿಸ್ತಿದ್ದೆ. ಯಾರೂ ಹೇಳಲಿಲ್ಲ."

ಹೇಗೆ ಹೇಳುವುದು? ನಮಗೆ ಕೋಟೆ ಎಂದರೆ ಭಾನುವಾರದ್ದು, ಶರಟು ಹಾಕಿಕೊಂಡು ಹೋಗಿ ನೋಡುವಂಥದ್ದು. ಅಡಿಗೆಮನೆ ಎಂದರೆ ಅಡಿಗೆಮನೆ. ಹಿಟ್ಟು, ಎಣ್ಣೆ, ಮಸಿ, ಸುಬ್ರಾಯಣ್ಣನ ಬೈಗುಳ ಇರುವ ಕಡೆ ಇತಿಹಾಸ ಇರಬಹುದೆಂದು ಹೋಟೆಲಿನವರ ಮಕ್ಕಳಿಗೆ ಹೊಳೆಯುವುದಾದರೂ ಹೇಗೆ? ಅವರು ತೋರಿಸಿದ ಓರೆ ಗೆರೆಗಳ ಮೇಲೆಯೇ ಕೆನ್ನೆ ಇಟ್ಟುಕೊಂಡು ನಾನು ನಿದ್ದೆ ಮಾಡಿದ್ದೆ.

ಭಾನುವಾರ ಬೆಳಗ್ಗೆ ದೊಡ್ಡಪ್ಪ ನಮಗಿಂತ ಮೊದಲೇ ಸಿದ್ಧರಾಗಿ ಕೂತಿದ್ದರು. ರಘು ಕಾರು ತಂದ. ಗಲ್ಲಿಗೆ ಬಂದಾಗ ಮಣ್ಣು ತೋಡುವ ಹಳದಿ ಯಂತ್ರ ಆಗಲೇ ಒಳಗೆ ನಿಂತಿತ್ತು. ಪ್ಯಾರಿಸ್‌ನಲ್ಲಿ ಕಟ್ಟಡ ಕೆಡವುವುದು ಭಾನುವಾರವೇ. ಬೀದಿ ಖಾಲಿ ಇರುತ್ತದಲ್ಲ. ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡ ಮೇಸ್ತ್ರಿಯ ಹತ್ತಿರ ದೊಡ್ಡಪ್ಪ ತಮಿಳಿನಲ್ಲಿ, ಗಿರಾಕಿಯೊಂದಿಗೆ ಮಾತಾಡುವ ನಯದಲ್ಲಿ, ಒಂದು ದಿನ ತಡೆಯಿರಿ, ನಾಳೆ ಬೆಳಗ್ಗೆ ನೋಡುವವರು ಬರುತ್ತಾರೆ, ಇದು ಕೋಟೆಯ ಗೋಡೆ ಎಂದರು. "ಕೋಟ್ಟೈಯಾ?" ಮೇಸ್ತ್ರಿಗೆ ನಗು ಬಂತು. ಸಮುದ್ರದ ಕಡೆಗೆ ಕೈ ತೋರಿಸಿದ. "ಕೋಟ್ಟೈ ಅಂಗ ಇರುಕ್ಕು ಸಾರ್. ಇದು ಸಮಯಲ್‌ಕಟ್ಟು." ಕೋಟೆ ಅಲ್ಲಿದೆ, ಇದು ಅಡಿಗೆಮನೆ. ಒಂಬತ್ತು ವರ್ಷ ಕಳೆದರೂ ಮಸಿ ಅಂಟಿಕೊಂಡಿದ್ದ ಗೋಡೆಯನ್ನು ನೋಡಿದರೆ ಅವನು ಹೇಳಿದ್ದು ಸುಳ್ಳೆಂದು ಯಾರೂ ಹೇಳುವಂತಿರಲಿಲ್ಲ. ರಘು ಮಾಲೀಕರಿಗೆ ಫೋನು ಮಾಡಿದ. ಅವರು ಊರಿನಲ್ಲಿಲ್ಲ, ಸೋಮವಾರದೊಳಗೆ ಜಾಗ ತೆರವಾಗಬೇಕು ಎಂದಷ್ಟೇ ಉತ್ತರ. ನಾನು ಹಿಂದಿನ ದಿನ ಮಾತಾಡಿದ್ದವರ ನಂಬರಿಗೆ ಮತ್ತೆ ಮತ್ತೆ ಮಾಡಿದೆ. ಭಾನುವಾರ. ಮೇಸ್ತ್ರಿ ನಮ್ಮನ್ನು ದೂರ ಸರಿಸಿ, ದೊಡ್ಡಪ್ಪನಿಗೊಂದು ಪ್ಲಾಸ್ಟಿಕ್ ಕುರ್ಚಿ ತರಿಸಿಕೊಟ್ಟು, ಯಂತ್ರದವನಿಗೆ ಕೈಯೆತ್ತಿದ.

ಯಂತ್ರದ ತೋಳು ಬಂದು ಗೋಡೆಯ ನೆತ್ತಿಗೆ ಬಡಿಯಿತು. ನಾನು ಕಣ್ಣು ಮುಚ್ಚಿದ್ದೆ. ಕಣ್ಣು ಬಿಟ್ಟಾಗ ಗೋಡೆ ಹಾಗೇ ಇತ್ತು; ಯಂತ್ರವೇ ಹಿಂದಿನ ಗಾಲಿಗಳ ಮೇಲೆ ಹಿಂಜರಿದಿತ್ತು. ಮತ್ತೆ ಬಡಿದ. ಒಂದಷ್ಟು ಸುಣ್ಣ ಉದುರಿತು. ಮುಂದಿನ ಕಟ್ಟಡವನ್ನು ಮೂರು ದಿನದಲ್ಲಿ ಮುಗಿಸಿದ್ದವರಿಗೆ ಈ ಒಂದು ಗೋಡೆ ಮಧ್ಯಾಹ್ನದ ತನಕ ಒಂದು ಮೂಲೆಯನ್ನಷ್ಟೇ ಬಿಟ್ಟುಕೊಟ್ಟಿತು. ಯಂತ್ರದ ಬುಟ್ಟಿಯ ಹಲ್ಲೊಂದು ಬಾಗಿತು. ಮೇಸ್ತ್ರಿ ಬೆವರೊರೆಸುತ್ತ, "ಎನ್ನಯ್ಯಾ ಇದು, ಮಲೆಯಾ?" ಎಂದು ಬೈದ, ಬೆಟ್ಟವೋ ಏನಿದು ಎಂದು. ದೊಡ್ಡಪ್ಪ ಕುರ್ಚಿಯ ಅಂಚಿಗೆ ಸರಿದು ಕೂತರು. ಅವರ ಮುಖ ನೋಡಿ ನನಗೆ ಮತ್ತೊಮ್ಮೆ ದಿಗಿಲಾಯಿತು. ಅವರು ನಗುತ್ತಿದ್ದರು.

"ಕಟ್ಟಿ ಮುಗಿಸಿದ ಮೇಲೆ ಈ ಗೋಡೆಯ ಮೇಲೆ ಯಾರೂ ಏರಿ ಬರ್ಲಿಲ್ಲ ಅಂತ ಓದಿದ್ದೆ," ಎಂದರು. "ಶತ್ರುಗಳ ದಂಡಿಗೆ ಹೆದರಿ ಕಟ್ಟಿದ್ದು. ಆದ್ರೆ ಬರಬೇಕಾದವರು ಬರ್ಲೇ ಇಲ್ಲ. ಸುಮ್ಮನೆ ನಿಂತು, ಸುಮ್ಮನೆ ಬಿತ್ತು ಉಳಿದದ್ದೆಲ್ಲ. ಇವತ್ತು ನೋಡು ಚೈತ್ರಾ, ಯುದ್ಧ."

ಆಮೇಲೆ ನಾವು ಮೂವರೂ ಅದನ್ನು ಹಾಗೆಯೇ ನೋಡತೊಡಗಿದೆವು, ನಾಚಿಕೆ ಬಿಟ್ಟು ಒಂದು ಪಕ್ಷ ಹಿಡಿದವರ ಹಾಗೆ. ಪ್ರತಿ ಏಟಿಗೂ ರಘು ಮುಷ್ಟಿ ಬಿಗಿಯುತ್ತಿದ್ದ. ಗೋಡೆ ನಿಂತರೆ "ಪೋಡು!" ಎಂದು, ಭಲೇ ಎನ್ನುವ ಹಾಗೆ, ತುಟಿಯೊಳಗೇ ಕೂಗುತ್ತಿದ್ದ. ಸಂಜೆಯ ತನಕ ತಡೆದರೆ ಸಾಕು, ಬೆಳಕು ಹೋದ ಮೇಲೆ ಇವರು ಕೆಲಸ ಮಾಡುವುದಿಲ್ಲ, ಬೆಳಗಾದರೆ ಸೋಮವಾರ: ನನ್ನ ತಲೆಯಲ್ಲಿ ಈ ಲೆಕ್ಕ ಓಡುತ್ತಿತ್ತು. ನಾಲ್ಕು ಗಂಟೆಗೆ ಮೇಸ್ತ್ರಿ ಇನ್ನೊಂದು ಯಂತ್ರ ತರಿಸಿದ. ಇದಕ್ಕೆ ಬುಟ್ಟಿಯ ಬದಲು ಬಂಡೆ ಒಡೆಯುವ ಚೂಪು ಉಳಿ. ಅದು ಗೋಡೆಯನ್ನು ಬಡಿಯಲಿಲ್ಲ, ಒಂದೇ ಜಾಗಕ್ಕೆ ಮೂತಿ ಇಟ್ಟು ಕುಟ್ಟಿತು. ಇಟ್ಟದ್ದು ಕಿಂಡಿಯ ಬಾಯಿಗೆ. ಅಲ್ಲೊಂದೇ ತಾನೆ ಗೋಡೆಗೆ ತೆಳುವಾದ ಜಾಗ. ನಾವು ಕೂತಿದ್ದ ನೆಲ ನಡುಗುತ್ತಿತ್ತು. ದೊಡ್ಡಪ್ಪ ನಗುವುದನ್ನು ನಿಲ್ಲಿಸಿದರು. ಗೋಡೆಗೆ ಅಡಿಯಿಂದ ನೆತ್ತಿಯ ತನಕ ಒಂದು ಬಿರುಕು ಬಂತು. ಆಮೇಲೂ ಅದು ಬಹಳ ಹೊತ್ತು ನಿಂತೇ ಇತ್ತು. ಬಿಸಿಲು ಮಾಸುವ ಹೊತ್ತಿಗೆ, ಇನ್ನೇನು ಇವತ್ತಿಗೆ ಸಾಕು ಎಂದು ಮೇಸ್ತ್ರಿ ಕೈಗಡಿಯಾರ ನೋಡಿಕೊಳ್ಳುತ್ತಿದ್ದಾಗ, ಅದು ಹೊರಮುಖವಾಗಿ ವಾಲಿತು. ಅಬ್ಬರವೇನೂ ಆಗಲಿಲ್ಲ. ಬಹಳ ಭಾರವಾದದ್ದೊಂದು ಮೆಲ್ಲಗೆ ಮಲಗಿದ ಹಾಗೆ ಮಲಗಿತು. ಆಚೆ ರಸ್ತೆಗೆ ಅಡ್ಡ ಕಟ್ಟಿದ್ದ ತಗಡುಗಳನ್ನೂ ತನ್ನೊಂದಿಗೆ ಕೆಡವಿಕೊಂಡಿತು.

ಧೂಳು ಇಳಿಯಲು ಸುಮಾರು ಹೊತ್ತು ಬೇಕಾಯಿತು. ಇಳಿದ ಮೇಲೆ ಆ ಕಡೆ ಕಂಡದ್ದು ವಾಲ್ ಟ್ಯಾಕ್ಸ್ ರಸ್ತೆ. ಹದಿನಾರು ವರ್ಷ ಆ ಅಡಿಗೆಮನೆಯಲ್ಲಿ ಆಡಿ ಬೆಳೆದವಳು ನಾನು. ರಸ್ತೆ ಅಷ್ಟು ಹತ್ತಿರವಿದೆಯೆಂದು ನನಗೆ ಗೊತ್ತಿರಲಿಲ್ಲ. ಒಂದು ಬಸ್ಸು ನಿಂತಿತ್ತು. ಅದರ ಕಿಟಕಿಗಳಿಂದ, ಎದುರಿನ ಕಾಲುದಾರಿಯಿಂದ, ಗಂಟುಮೂಟೆ ಹೊತ್ತು ಸ್ಟೇಷನ್ನಿಗೆ ಹೊರಟಿದ್ದ ಜನ ತಿರುಗಿ ನಮ್ಮನ್ನು ನೋಡುತ್ತಿದ್ದರು. ಅವರು ನೋಡುವ ರೀತಿಯಲ್ಲಿಯೇ ನನಗೆ ತಿಳಿಯಿತು, ನಾವು ಆ ಗೋಡೆಯ ಒಳಗಿನವರಾಗಿದ್ದೆವು ಎಂದು. ಇಷ್ಟು ವರ್ಷವೂ ಒಳಗಿನವರೇ, ಗೊತ್ತಿಲ್ಲದೆ. ಇನ್ನು ಮುಂದೆ ಅಲ್ಲ. ದೊಡ್ಡಪ್ಪ ಕುರ್ಚಿಯಿಂದ ಎದ್ದು ನಿಂತರು. ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ್ದ ಪಂಚೆಯನ್ನು, ಬಾಗಿಲಲ್ಲಿ ಯಾರೋ ಹೊಸಬರು ಕಂಡಾಗ ಮಾಡುವ ಹಾಗೆ, ಮೆಲ್ಲಗೆ ಬಿಚ್ಚಿ ಪಾದದ ತನಕ ಇಳಿಬಿಟ್ಟರು.